ಹಡಗು ಕಟ್ಟುವ ಓದು ನಮಗೇಕೆ ಬೇಡ?

ನಮ್ಮ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಮುಂದೇನು ಎಂದರೆ ಕಂಪ್ಯೂಟರ್ ಸೈನ್ಸ್ ಎನ್ನುತ್ತಾರೆ. ಅದು ಸಿಗದಿದ್ದರೆ ಎಐ, ಅದೂ ಸಿಗದಿದ್ದರೆ ಡೇಟಾ ಸೈನ್ಸ್. ಇಷ್ಟಪಟ್ಟು ಹೋಗುವವರು ಖಂಡಿತ ಹೋಗಲಿ. ಆದರೆ ಬೇರೆ ಬಾಗಿಲುಗಳಿವೆ ಎಂದೇ ತಿಳಿಯದೆ ಎಲ್ಲರೂ ಒಂದೇ ಬಾಗಿಲಲ್ಲಿ ನೂಕಾಡುವುದು ನನಗೆ ಸರಿ ಕಾಣುವುದಿಲ್ಲ.

ನಾನು ಆರಿಸಿಕೊಂಡಿರುವುದು ನೇವಲ್ ಆರ್ಕಿಟೆಕ್ಚರ್. ಹೆಸರು ಕೇಳಿದ ಕೂಡಲೇ ‘ನೇವಿಗೆ ಸೇರುತ್ತೀಯಾ?’ ಎನ್ನುತ್ತಾರೆ. ಅಲ್ಲ. ಹಡಗು, ಬೋಟು, ಟಗ್‌ಗಳು ನೀರಲ್ಲಿ ಮಗುಚದಂತೆ, ಅಲೆಗೆ ಮುರಿಯದಂತೆ ವಿನ್ಯಾಸ ಮಾಡುವ ಓದು ಇದು. ಹಡಗಿನಲ್ಲಿ ತಿಂಗಳುಗಟ್ಟಲೆ ಇದ್ದು ಎಂಜಿನ್ ನೋಡಿಕೊಳ್ಳುವವರು ಮರೈನ್ ಎಂಜಿನಿಯರುಗಳು. ನೇವಲ್ ಆರ್ಕಿಟೆಕ್ಟ್‌ನ ಕೆಲಸ ಹೆಚ್ಚಾಗಿ ದಡದಲ್ಲೇ. ಹೆಣ್ಣುಮಕ್ಕಳ ಮನೆಯವರಿಗೆ ಈ ವ್ಯತ್ಯಾಸ ಮೊದಲೇ ಹೇಳಿಬಿಡುವುದು ಒಳ್ಳೆಯದು!

ಇದು ನನ್ನ ತಲೆಗೆ ಹೊಕ್ಕಿದ್ದು ಉಪ್ಪನಿಂದ. ಅವರು ದಕ್ಕೆಯಲ್ಲಿ ಬೋಟ್ ರಿಪೇರಿಯ ಮೇಸ್ತ್ರಿ, ಓದಿದ್ದು ಏಳನೇ ತರಗತಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ, 61 ದಿನ. ಉಪ್ಪನಿಗೆ ಮಾತ್ರ ಆಗಲೇ ಬಿಡುವಿಲ್ಲದ ಕೆಲಸ. ಹಲಗೆ ಬದಲಿಸಬೇಕು, ಸಂದಿಗೆ ಹತ್ತಿ ತುಂಬಬೇಕು, ಈಗೀಗ ಫೈಬರ್ ಹೊದಿಸಬೇಕು. ಕ್ಯಾಬಿನ್ ಇನ್ನಷ್ಟು ಎತ್ತರಿಸಿ ಕೊಡಿ ಎಂದು ಮಾಲಕರು ಕೇಳಿದರೆ ಒಪ್ಪುವುದಿಲ್ಲ, ‘ತಲೆ ಭಾರವಾದರೆ ಬೋಟ್ ಮಗುಚುತ್ತದೆ’ ಎನ್ನುತ್ತಾರೆ. ನೀರಿನ ಟ್ಯಾಂಕ್ ಅರ್ಧ ಇಡಬೇಡಿ, ತುಂಬಿಸಿ ಇಲ್ಲವೇ ಖಾಲಿ ಮಾಡಿ ಎಂಬುದು ಅವರ ಇನ್ನೊಂದು ಮಾತು.

ಪ್ರಥಮ ಪಿಯುಸಿಯ ದ್ರವಗಳ ಪಾಠ ಓದುವಾಗ ಇದರ ಕಾರಣ ಹುಡುಕಿದೆ. ಬೋಟು ವಾಲಿದಾಗ ನೀರಿನೊಳಗಿನ ಭಾಗದ ಆಕಾರ ಬದಲಾಗುತ್ತದೆ. ತೇಲಿಸುವ ಬಲದ ಕೇಂದ್ರ ವಾಲಿದ ಕಡೆಗೆ ಸರಿದು ಬೋಟನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಭಾರದ ಕೇಂದ್ರ ಮಿತಿ ಮೀರಿ ಮೇಲೇರಿದರೆ ಅದೇ ಬಲ ಬೋಟನ್ನು ಮಗುಚಿ ಹಾಕುತ್ತದೆ. ಆ ಮಿತಿಗೆ ಮೆಟಾಸೆಂಟರ್ ಎಂದು ಹೆಸರು. ಅರ್ಧ ತುಂಬಿದ ಟ್ಯಾಂಕಿನ ನೀರು ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ಅದು ಫ್ರೀ ಸರ್ಫೇಸ್ ಎಫೆಕ್ಟ್. ಉಪ್ಪ ಹೇಳುತ್ತಿದ್ದುದು ಇದನ್ನೇ.

ಆದರೆ ‘ಹಾಗಾದರೆ ಎಷ್ಟು ಅಡಿ ಎತ್ತರಿಸಬಹುದು?’ ಎಂದು ಮಾಲಕರು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ಬೇಡ ಎನ್ನಬಲ್ಲರು, ಲೆಕ್ಕ ತೋರಿಸಲಾರರು. ಮಾಲಕರು ಬೇರೆ ಮೇಸ್ತ್ರಿಯ ಬಳಿ ಹೋಗಿ ಎತ್ತರಿಸಿಕೊಳ್ಳುತ್ತಾರೆ. ಅದೇ ಬೋಟಿನಲ್ಲಿ ಏಳೆಂಟು ಜನ ಕಡಲಿಗೆ ಹೋಗುತ್ತಾರೆ. ಆ ಲೆಕ್ಕ ನನಗೆ ಕಲಿಯಬೇಕಾಗಿದೆ.

ಮೊದಲು ಬೇಡ ಅಂದದ್ದೂ ಉಪ್ಪನೇ. ‘ದಕ್ಕೆಯಿಂದ ನಿಮ್ಮನ್ನು ಹೊರಗೆ ಕಳಿಸಲೆಂದೇ ಓದಿಸಿದ್ದು’ ಎಂದರು. ನಮ್ಮಲ್ಲಿ ಎಷ್ಟೋ ಮನೆಗಳ ಮಾತು ಇದು. ಅರ್ಜಿಯ ‘ತಂದೆಯ ಉದ್ಯೋಗ’ ಎಂಬಲ್ಲಿ ಮೇಸ್ತ್ರಿ, ಫಿಟ್ಟರ್ ಎಂದು ಬರೆಯಲು ನಾಚಿ ಬಿಸಿನೆಸ್ ಎಂದು ಬರೆಯುವವರು ನಮ್ಮ ನಡುವೆಯೇ ಇದ್ದಾರೆ. ಕೈಕೆಸರಾಗುವ ಕೆಲಸದ ಹಿಂದೆ ವಿಜ್ಞಾನವಿಲ್ಲ ಎಂಬ ನಂಬಿಕೆ ನಮಗೆ ಎಲ್ಲಿಂದ ಬಂತೋ!

ತೊಂದರೆಗಳೂ ಇವೆ. ಈ ಕೋರ್ಸ್ ಇರುವ ಕಾಲೇಜುಗಳು ಕಡಿಮೆ, ಮನೆ ಬಿಡಲೇಬೇಕು. ಹಡಗು ಉದ್ಯಮಕ್ಕೆ ಏರಿಳಿತ ಇದ್ದದ್ದೇ. ಹಾಗೆಂದು ಕೆಲಸವೇ ಇಲ್ಲವೆಂದಲ್ಲ. ಕೊಚ್ಚಿ, ಗೋವಾಗಳಲ್ಲಿ ದೊಡ್ಡ ಶಿಪ್‌ಯಾರ್ಡ್‌ಗಳಿವೆ. ನಮ್ಮ ಮಲ್ಪೆಯಲ್ಲೇ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಟಗ್‌ಗಳನ್ನು ಕಟ್ಟುತ್ತಿದೆ. ಹಡಗುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಂಥ ಸಂಸ್ಥೆಗಳಿಗೂ ಇಂಥವರೇ ಬೇಕು.

ಸೇರುವುದಕ್ಕೆ ಸಿಇಟಿ ಒಂದನ್ನೇ ನೆಚ್ಚಿಕೊಳ್ಳಬೇಡಿ. ಕೊಚ್ಚಿಯ ಕುಸಾಟ್‌ಗೆ ಅದರದ್ದೇ ಕ್ಯಾಟ್ ಪರೀಕ್ಷೆ, ವಿಶಾಖಪಟ್ಟಣದಲ್ಲಿರುವ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿ ಕ್ಯಾಂಪಸ್‌ಗೆ ಐಎಂಯು ಸಿಇಟಿ, ಮದ್ರಾಸ್ ಮತ್ತು ಖರಗ್‌ಪುರ ಐಐಟಿಗಳಿಗೆ ಜೆಇಇ ಅಡ್ವಾನ್ಸ್ಡ್. ನಮ್ಮ ಸಿಇಟಿ ಫಲಿತಾಂಶಕ್ಕೆ ಕಾದು ಕುಳಿತರೆ ಈ ಅರ್ಜಿಗಳ ಕೊನೆಯ ದಿನ ದಾಟಿಹೋಗಿರುತ್ತದೆ. ನಾನು ಮೊದಲ ಎರಡಕ್ಕೆ ಅರ್ಜಿ ಹಾಕುತ್ತಿದ್ದೇನೆ. ಜೊತೆಗೆ ಯಾರಾದರೂ ಇದ್ದರೆ ಮಧ್ಯಾಹ್ನ ಲೈಬ್ರರಿಯಲ್ಲಿ ಸಿಗುತ್ತೇನೆ.