ಅಡಾಜಣ್‌ನ ಕನ್ನಡ ಮನೆಗಳಿಗೆ: ಒಬ್ಬ ಕ್ಷಯರೋಗಿಯ ಆರು ತಿಂಗಳ ಊಟ ನಮ್ಮದಾಗಲಿ



ಸೂರತ್ತಿನ ಅಡಾಜಣ್, ಪಾಲ್, ರಾಂದೇರ್‌ನಲ್ಲಿ ನೆಲೆಸಿರುವ ಎಲ್ಲ ಕನ್ನಡಿಗರಲ್ಲಿ ಒಂದು ಕಳಕಳಿಯ ಕೋರಿಕೆ. ಅದರ ಹಿನ್ನೆಲೆ ಇದು.

2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ದಿನವೇ ಹೊರದೇಶಗಳ ನೆರವನ್ನು ತಡೆಹಿಡಿದರು. ಜುಲೈ 1ಕ್ಕೆ ಆ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಮುಚ್ಚಿತು. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಾಗಿ ಕೊಡಬೇಕೆಂದು ವಿಶ್ವಸಂಸ್ಥೆ 1970ರಲ್ಲೇ ಹೇಳಿತ್ತು. ಬ್ರಿಟನ್ ಕೂಡ ಈಗ ಶೇ 0.5ರಿಂದ 0.3ಕ್ಕೆ ಇಳಿಯುತ್ತಿದೆ. ಕ್ಷಯರೋಗಕ್ಕೆಂದು ದಾನಿ ದೇಶಗಳು ಕೊಡುತ್ತಿದ್ದ ಹಣದಲ್ಲಿ ಸುಮಾರು ಕಾಲುಭಾಗ ಅಮೆರಿಕದ್ದು. ಅದು ನಿಂತೊಡನೆ 27 ದೇಶಗಳಲ್ಲಿ ಕ್ಷಯದ ಚಿಕಿತ್ಸೆ ಕುಸಿಯುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಮಾರ್ಚ್‌ನಲ್ಲೇ ಎಚ್ಚರಿಸಿತು. ಕ್ಷಯದ ಮಾತ್ರೆ ಅರ್ಧಕ್ಕೆ ನಿಂತರೆ ರೋಗ ಆ ಮಾತ್ರೆಗೆ ಬಗ್ಗದಂತಾಗಬಹುದು. ಆಮೇಲೆ ಅದು ಪಕ್ಕದವರಿಗೂ ಹಾಗೆಯೇ ಅಂಟಬಹುದು.

ನಮ್ಮ ದೇಶಕ್ಕೂ ಈ ಪೆಟ್ಟು ಬಿದ್ದಿದೆ. ಹೈದರಾಬಾದಿನಲ್ಲಿ 2021ರಲ್ಲಿ ಆರಂಭವಾದ ಮಿತ್ರ್ ಕ್ಲಿನಿಕ್ ಲಿಂಗತ್ವ ಅಲ್ಪಸಂಖ್ಯಾತರಿಗೆಂದೇ ಇದ್ದ ಚಿಕಿತ್ಸಾಲಯ. ಅಮೆರಿಕದ ಹಣ ನಿಂತ ಕೆಲವೇ ವಾರಗಳಲ್ಲಿ ಅದು ಬಾಗಿಲು ಹಾಕಬೇಕಾಯಿತು.

ನಮ್ಮ ಕ್ಷಯರೋಗಿಗಳ ಮಾತ್ರೆಯನ್ನು ನಮ್ಮ ಸರ್ಕಾರವೇ ಕೊಳ್ಳುತ್ತದೆ, ಅದು ಪುಣ್ಯ. ಆದರೆ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಭಾರತೀಯರು, ಮತ್ತು ಬರಿಹೊಟ್ಟೆಗೆ ಮದ್ದು ನಾಟುವುದಿಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ರೋಗಿಗಳಿಗಷ್ಟೇ ಅಲ್ಲದೆ ಅವರ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಸುಮಾರು ಶೇ 40ರಷ್ಟು ಇಳಿಯಿತು. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಅಕ್ಕಿ, ಬೇಳೆಯಂಥ ಆಹಾರ! ಇದಕ್ಕೆ ವಾಷಿಂಗ್ಟನ್ನಿನ ಅಪ್ಪಣೆ ಬೇಕಿಲ್ಲ.

ತಾಪಿ ನದಿಯ ಆಚೆ ದಡದಲ್ಲಿ, ಉಧನಾ, ಪಾಂಡೇಸರಾದ ಕಡೆ, ಒಡಿಶಾದ ಗಂಜಾಂನಿಂದ, ಬಿಹಾರದಿಂದ, ಉತ್ತರ ಪ್ರದೇಶದಿಂದ ಬಂದ ಮಗ್ಗದ ಕೆಲಸಗಾರರು ಹನ್ನೆರಡು ತಾಸು ದುಡಿದು ಒಂದೇ ಕೋಣೆಯಲ್ಲಿ ಪಾಳಿಯ ಮೇಲೆ ಮಲಗುತ್ತಾರೆ. ನಮ್ಮ ಮೈಮೇಲಿನ ಸೀರೆ ಅವರು ನೇಯ್ದದ್ದು. ಕೆಮ್ಮು ಹತ್ತಿ ಮಲಗಿದವನಿಗೆ ಅಂದಿನ ಕೂಲಿಯಿಲ್ಲ, ಕೂಲಿಯಿಲ್ಲದ ದಿನ ಊಟವೂ ಅಷ್ಟಕ್ಕಷ್ಟೇ. ಸರ್ಕಾರ ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಕೊಡುತ್ತದೆ. ಸೂರತ್ತಿನ ಇಂದಿನ ಬೆಲೆಯಲ್ಲಿ ಅದು ಎಷ್ಟು ದಿನ ಬಂದೀತು, ಮನೆ ನಡೆಸುವ ಅಕ್ಕಂದಿರೇ ಹೇಳಲಿ.

2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನ ನೀರು ನುಗ್ಗಿ ಇದೇ ಅಡಾಜಣ್ ಮುಳುಗಿತ್ತು. ಊಟದ ಪೊಟ್ಟಣ ತಂದವರು ನಮ್ಮ ಊರು, ಭಾಷೆ ಕೇಳಲಿಲ್ಲ.

ಈಗ ನಮ್ಮ ಸರದಿ. ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ಕ್ಷಯ ನಿವಾರಣೆಯ ಅಭಿಯಾನದಲ್ಲಿ ಯಾರು ಬೇಕಾದರೂ ‘ನಿಕ್ಷಯ್ ಮಿತ್ರ’ರಾಗಿ ಹೆಸರು ಬರೆಸಬಹುದು. ಒಪ್ಪಿದ ರೋಗಿಯೊಬ್ಬರಿಗೆ ಕನಿಷ್ಠ ಆರು ತಿಂಗಳು ಆಹಾರದ ಬುಟ್ಟಿ ಕೊಡಬೇಕು: ಅಕ್ಕಿ ಅಥವಾ ಗೋಧಿ, ಬೇಳೆ, ಎಣ್ಣೆ, ಹಾಲಿನ ಪುಡಿ ಅಥವಾ ಶೇಂಗಾ. ಒಂದೇ ಮನೆಗೆ ಭಾರವೆನಿಸಿದರೆ ಮೂರು ಮನೆ ಸೇರಿ. ರೋಗಿಯ ಮನೆಯವರಿಗೂ ಒಂದು ಪಾಲು ಇರಲಿ. ಬುಟ್ಟಿ ಕೊಡುವಾಗ ದಯವಿಟ್ಟು ಫೋಟೊ ತೆಗೆಯಬೇಡಿ. ಕ್ಷಯವೆಂದು ಗೊತ್ತಾದರೆ ಅವರ ಕೆಲಸ ಹೋಗಬಹುದು, ಬಾಡಿಗೆ ಕೋಣೆಯೂ ಹೋಗಬಹುದು. ನಡುವೆ ಮಾತ್ರ ಕೈಬಿಡಬೇಡಿ. ಆರು ತಿಂಗಳೆಂದರೆ ಆರು ತಿಂಗಳು.

ಹತ್ತಿರದ ಮಹಾನಗರಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಇಲ್ಲವೇ ಇವತ್ತೇ ಕ್ಷಯ ಸಹಾಯವಾಣಿಗೆ ಫೋನ್ ಮಾಡಿ, ಶುಲ್ಕವಿಲ್ಲ: 1800-11-6666.

— ಅಡಾಜಣ್‌ನ ಕೆಲವು ಕನ್ನಡ ಮನೆಗಳವರು