ಡ್ರ್ಯಾಗನ್ ಇನ್ನೊಮ್ಮೆ ದಾಳ ಹಾಕಲಿ: ‘ಸಿಲ್ವರಿ ಬಾರ್ಬ್ಸ್’ ಅತಿಯಾಯಿತೇ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಗೆ 2021ರ ಡಿಸೆಂಬರ್‌ನಲ್ಲಿ ‘ಸ್ಟ್ರಿಕ್ಸ್‌ಹೇವನ್’ ಎಂಬ ಪುಸ್ತಕ ಬಂತು. ಮಂತ್ರವಿದ್ಯೆ ಕಲಿಸುವ ವಿಶ್ವವಿದ್ಯಾಲಯವೊಂದರ ಸುತ್ತ ಹೆಣೆದ ಪುಸ್ತಕ. ಅದರಲ್ಲಿದ್ದ ಹೊಸ ಮಂತ್ರಗಳು ಐದೇ ಐದು. ನಾಲ್ಕು ಸದ್ದಿಲ್ಲದೆ ಆಟದೊಳಗೆ ಸೇರಿಕೊಂಡವು. ಐದನೆಯದಾದ ‘ಸಿಲ್ವರಿ ಬಾರ್ಬ್ಸ್’ ಜಗಳ ಹೊತ್ತುಕೊಂಡೇ ಬಂತು. ಎಷ್ಟೋ ಡಂಜನ್ ಮಾಸ್ಟರ್‌ಗಳು (ಡಿಎಂ) ತಮ್ಮ ಮೇಜಿನಲ್ಲಿ ಅದನ್ನು ಬ್ಯಾನ್ ಮಾಡಿದ್ದಾರೆ.

ಮಂತ್ರದ ಕೆಲಸ ಸರಳ. 60 ಅಡಿಯೊಳಗೆ ನಿಮ್ಮ ಕಣ್ಣಿಗೆ ಬೀಳುವ ಯಾರಾದರೂ ದಾಳಿಯಲ್ಲೋ, ಸಾಮರ್ಥ್ಯದ ಪರೀಕ್ಷೆಯಲ್ಲೋ, ಅಪಾಯದಿಂದ ಪಾರಾಗಲು ಹಾಕುವ ‘ಸೇವ್’ನಲ್ಲೋ ಗೆದ್ದರೆ, ಕೂಡಲೇ ನಿಮ್ಮ ರಿಯಾಕ್ಷನ್ ಬಳಸಿ ಅವರಿಂದ ಇಪ್ಪತ್ತು ಮುಖದ ದಾಳವನ್ನು ಮತ್ತೆ ಹಾಕಿಸಬಹುದು. ಎರಡರಲ್ಲಿ ಕಡಿಮೆ ಬಿದ್ದದ್ದೇ ಲೆಕ್ಕ. ಮೇಲಾಗಿ ನಿಮಗೋ ನಿಮ್ಮ ಜೊತೆಗಾರರಿಗೋ ಒಂದು ನಿಮಿಷದೊಳಗಿನ ಮುಂದಿನ ದಾಳಕ್ಕೆ ‘ಅಡ್ವಾಂಟೇಜ್’, ಅಂದರೆ ಎರಡು ಸಲ ಹಾಕಿ ಹೆಚ್ಚು ಬಿದ್ದದ್ದನ್ನು ಇಟ್ಟುಕೊಳ್ಳುವ ಅವಕಾಶ. ಇದಿಷ್ಟಕ್ಕೂ ತೆರಬೇಕಾದದ್ದು, ಮಂತ್ರ ಹಾಕಲು ದಿನಕ್ಕೆ ಇಷ್ಟೆಂದು ಸಿಗುವ ಸ್ಲಾಟ್‌ಗಳಲ್ಲಿ ಒಂದನೇ ಹಂತದ ಒಂದು. ಕೆಳಗೆ ಎರಡೂ ಕಡೆಯ ವಕಾಲತ್ತು ನನ್ನದೇ. ನಾನು ಯಾವ ಕಡೆ ವಾಲಿದ್ದೇನೆಂದು ಓದುವವರಿಗೆ ತಿಳಿಯದೆ ಇರದು.

ಪರ: ಹೌದು, ಅತಿಯಾಯಿತು

ಒಂದು ಡ್ರ್ಯಾಗನ್ ಎದುರಿಗಿಟ್ಟುಕೊಂಡೇ ಮಾತಾಡೋಣ. ಏಳನೇ ಹಂತದ ವಿಝರ್ಡ್ ಬಳಿ ನಾಲ್ಕನೇ ಹಂತದ ಸ್ಲಾಟ್ ಇರುವುದು ಒಂದೇ. ಎದುರಿಗೆ ಎಳೆಯ ಕೆಂಪು ಡ್ರ್ಯಾಗನ್. ಅದನ್ನು ಆಡು ಮಾಡಿಬಿಡಲು ಆತ ‘ಪಾಲಿಮಾರ್ಫ್’ ಹಾಕುತ್ತಾನೆ. ಇಂಟೆಲಿಜೆನ್ಸ್ 18 ಇದ್ದರೆ ಡ್ರ್ಯಾಗನ್ ಮುಟ್ಟಬೇಕಾದ ಅಂಕ 15. ಅದರ ವಿಸ್ಡಮ್ ಸೇವ್ +4. ಹಾಗಾಗಿ 11 ಅಥವಾ ಅದಕ್ಕಿಂತ ಮೇಲೆ ಬಿದ್ದರೆ ಪಾರು, ಸರಿಯಾಗಿ ಅರ್ಧಕ್ಕರ್ಧ. ಬಿತ್ತು 14. ಹಳೆಯ ಆಟದಲ್ಲಿ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇದ್ದ ಒಂದೇ ಸ್ಲಾಟ್ ಹೋಯಿತು, ಸರದಿಯೂ ಹೋಯಿತು. ಈಗ ವಿಝರ್ಡ್ ‘ತಡೀರಿ’ ಅನ್ನುತ್ತಾನೆ. ದಾಳ ಮತ್ತೆ ಉರುಳುತ್ತದೆ. ಡ್ರ್ಯಾಗನ್ ಆಡಾಗುವ ಸಾಧ್ಯತೆ ಒಟ್ಟಾರೆ 50ರಿಂದ 75 ಪ್ರತಿಶತಕ್ಕೆ ಜಿಗಿಯಿತು.

ಅದೇ 75ಕ್ಕೆ ತಲುಪಲು ಬೇರೆ ದಾರಿ ಯಾವುದು? ಪಾಲಿಮಾರ್ಫ್ ಅನ್ನೇ ಎರಡನೇ ಸಲ ಹಾಕಬೇಕು. ಅದಕ್ಕೆ ನಾಲ್ಕನೇ ಹಂತದ ಇನ್ನೊಂದು ಸ್ಲಾಟ್ ಬೇಕು, ಇನ್ನೊಂದು ಸರದಿ ಬೇಕು, ನಡುವೆ ಡ್ರ್ಯಾಗನ್‌ನ ಸರದಿಯನ್ನು ಉಳಿದುಕೊಂಡು ದಾಟಬೇಕು. ಸಿಲ್ವರಿ ಬಾರ್ಬ್ಸ್ ಈ ಮೂರನ್ನೂ ಒಂದನೇ ಹಂತದ ಬೆಲೆಗೆ ಕೊಡುತ್ತದೆ. ತಕರಾರು ಇರುವುದು ಇಲ್ಲೇ. ಮಂತ್ರಕ್ಕೆ ಸ್ವಂತ ಬಲವೇನೂ ಇಲ್ಲ. ಪಕ್ಕದಲ್ಲಿರುವ ಮಂತ್ರ ಎಷ್ಟು ದೊಡ್ಡದೋ ಇದೂ ಅಷ್ಟು ದೊಡ್ಡದು. ಆಟಗಾರ ಮೇಲೇರಿದಂತೆ ಪಕ್ಕದ ಮಂತ್ರಗಳು ಬೆಳೆಯುತ್ತವೆ, ಇದರ ಬೆಲೆ ಮಾತ್ರ ಇದ್ದಲ್ಲೇ ಇರುತ್ತದೆ.

ಸೋರ್ಸರರ್‌ನ ‘ಹೈಟನ್ಡ್ ಸ್ಪೆಲ್’ ನೋಡಿ. ಎದುರಾಳಿಯ ಸೇವ್ ಕೆಡಿಸಲು ಅವನು 2014ರ ನಿಯಮದಂತೆ ಮೂರು ಸೋರ್ಸರಿ ಪಾಯಿಂಟ್ ತೆರಬೇಕಿತ್ತು, ಅದೂ ದಾಳ ಉರುಳುವ ಮೊದಲೇ. ಎದುರಾಳಿ ಹೇಗಿದ್ದರೂ ಸೋಲುವವನೇ ಆಗಿದ್ದರೆ ಮೂರೂ ದಂಡ. ಸಿಲ್ವರಿ ಬಾರ್ಬ್ಸ್‌ಗೆ ಆ ಚಿಂತೆಯಿಲ್ಲ. ಎದುರಾಳಿ ಗೆದ್ದ ಮೇಲೇ ಜೇಬಿಗೆ ಕೈ ಹಾಕಿದರೆ ಸಾಕು.

ಮೇಜಿನ ಸೊಗಸಿನ ಮಾತೂ ಇದೆ. ಇಡೀ ಸಂಜೆ ಏಳು, ಎಂಟು ಬೀಳಿಸಿಕೊಂಡ ಡಿಎಂಗೆ ಕೊನೆಗೊಮ್ಮೆ ನ್ಯಾಚುರಲ್ 20 ಬೀಳುತ್ತದೆ. ರಾಕ್ಷಸನ ಗದೆ ಎತ್ತಿ ವರ್ಣನೆ ಶುರುಮಾಡುವಷ್ಟರಲ್ಲಿ ಮೂಲೆಯಿಂದ ಬಾರ್ಡ್ ಕೈ ಎತ್ತುತ್ತಾನೆ. ಒಮ್ಮೆಯಾದರೆ ನಗು ಬರುತ್ತದೆ. ಪ್ರತಿ ಗೆಲುವಿಗೂ ‘ಯಾರಾದರೂ ಬಾರ್ಬ್ಸ್ ಹಾಕುತ್ತೀರಾ?’ ಎಂದು ಕೇಳಿ ಮುಂದೆ ಹೋಗಬೇಕಾದರೆ ಆಟ ಕುಂಟುತ್ತದೆ.

ವಿರೋಧ: ಇಲ್ಲ, ಲೆಕ್ಕ ಅರ್ಧ ಮಾತ್ರ ಆಗಿದೆ

ಅದೇ ಡ್ರ್ಯಾಗನ್‌ನ ಕಥೆಯನ್ನು ಮುಂದುವರಿಸೋಣ. ಮತ್ತೆ ಹಾಕಿದ ದಾಳದಲ್ಲೂ ಅದು ಪಾರಾಗುವ ಸಾಧ್ಯತೆ ಅರ್ಧ. ಪಾರಾಯಿತು ಅನ್ನಿ. ವಿಝರ್ಡ್‌ನ ರಿಯಾಕ್ಷನ್ ಖರ್ಚಾಗಿದೆ, ಮುಂದಿನ ಸರದಿಯವರೆಗೂ ಅದು ಮರಳುವುದಿಲ್ಲ. ಈಗ ಡ್ರ್ಯಾಗನ್ ಬಾಯಿ ತೆರೆಯುತ್ತದೆ: ಆರು ಮುಖದ 16 ದಾಳ, ಸರಾಸರಿ 56 ಹಾನಿ. ಕಾನ್‌ಸ್ಟಿಟ್ಯೂಷನ್ 14 ಇರುವ ಏಳನೇ ಹಂತದ ವಿಝರ್ಡ್‌ನ ಜೀವ ಸುಮಾರು 44. ರಿಯಾಕ್ಷನ್ ಕೈಯಲ್ಲಿದ್ದಿದ್ದರೆ ‘ಅಬ್ಸಾರ್ಬ್ ಎಲಿಮೆಂಟ್ಸ್’ ಹಾಕಿ ಬೆಂಕಿಯನ್ನು 28ಕ್ಕೆ ಇಳಿಸಿಕೊಂಡು ನಿಂತಿರುತ್ತಿದ್ದ. ಅದೂ ಒಂದನೇ ಹಂತದ ಮಂತ್ರವೇ. ‘ಶೀಲ್ಡ್’ ಕೂಡ ಅಷ್ಟೇ, ‘ಕೌಂಟರ್‌ಸ್ಪೆಲ್’ ಕೂಡ ಇದೇ ರಿಯಾಕ್ಷನ್ ಕೇಳುತ್ತದೆ. ಬೆಲೆ ಬರೀ ಒಂದು ಸ್ಲಾಟ್ ಎನ್ನುವವರು ಈ ಸಾಲನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದೇ ಇಲ್ಲ.

ಇನ್ನೊಂದು ವಿಷಯ: ಎದುರಾಳಿ ಬಲಿತಷ್ಟೂ ಈ ಮಂತ್ರ ಸೊರಗುತ್ತದೆ. ಅದೇ ಡ್ರ್ಯಾಗನ್‌ನ ಕಾನ್‌ಸ್ಟಿಟ್ಯೂಷನ್ ಸೇವ್ 2014ರ ನಿಯಮದಲ್ಲಿ +9. ಅಲ್ಲಿ 6 ಬಿದ್ದರೂ ಪಾರು, ಹಾಗಾಗಿ ಮತ್ತೆ ಹಾಕಿಸಿದರೂ ನಾಲ್ಕರಲ್ಲಿ ಮೂರು ಸಲ ಅದೇ ಗೆಲ್ಲುತ್ತದೆ, ನಿಮ್ಮ ಸ್ಲಾಟ್ ವ್ಯರ್ಥ. ದೊಡ್ಡ ಶತ್ರುಗಳಿಗಂತೂ ‘ಲೆಜೆಂಡರಿ ರೆಸಿಸ್ಟೆನ್ಸ್’ ಇದೆ. ಸೋತ ಸೇವ್ ಅನ್ನು ಗೆದ್ದೆನೆಂದು ಅವು ಘೋಷಿಸಿಕೊಳ್ಳುತ್ತವೆ, ನೀವು ಬಾಯಿ ಮುಚ್ಚಿಕೊಳ್ಳಬೇಕು.

ಇಷ್ಟಕ್ಕೂ ವಿಧಿಯ ದಾಳಕ್ಕೆ ಕೈ ಹಾಕುವುದು ಇದೊಂದೇ ಅಲ್ಲ. ಡಿವಿನೇಷನ್ ವಿಝರ್ಡ್ ಬೆಳಿಗ್ಗೆ ಎದ್ದೊಡನೆ ಎರಡು ದಾಳ ಹಾಕಿಟ್ಟುಕೊಂಡು, ದಿನದಲ್ಲಿ ಬೇಕೆಂದಾಗ ಯಾರದ್ದಾದರೂ ದಾಳದ ಬದಲು ಅದನ್ನೇ ಇಡುತ್ತಾನೆ. ಸ್ಲಾಟ್ ಖರ್ಚೂ ಇಲ್ಲ, ಬಿದ್ದದ್ದು 2 ಆಗಿದ್ದರೆ ಡ್ರ್ಯಾಗನ್‌ಗೆ ಅರ್ಧಕ್ಕರ್ಧದ ಅವಕಾಶವೂ ಇಲ್ಲ. ಅದನ್ನು ಬ್ಯಾನ್ ಮಾಡಿ ಎಂದು ಇದರಷ್ಟು ಗಲಾಟೆ ನಾನಂತೂ ಕೇಳಿಲ್ಲ.

2024ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ನಿಯಮವನ್ನೇ ಬಿಗಿ ಮಾಡಿದೆ: ಒಂದು ಸರದಿಯಲ್ಲಿ ಮಂತ್ರ ಹಾಕಲು ಒಬ್ಬರು ಒಂದೇ ಸ್ಲಾಟ್ ಖರ್ಚು ಮಾಡಬಹುದು. ಆ ನಿಯಮದಡಿ ನಮ್ಮ ವಿಝರ್ಡ್ ಪಾಲಿಮಾರ್ಫ್ ಹಾಕಿದ ಸರದಿಯಲ್ಲೇ ಇನ್ನೊಂದು ಸ್ಲಾಟ್ ತೆತ್ತು ಬಾರ್ಬ್ಸ್ ಹಾಕುವಂತೆಯೇ ಇಲ್ಲ. ಎದುರು ವಾದಿ ಕಟ್ಟಿದ ಉದಾಹರಣೆ ಅಲ್ಲೇ ಕುಸಿಯುತ್ತದೆ.

ಪರ: ಕುಸಿಯಲಿಲ್ಲ

ವಿಝರ್ಡ್ ಹಾಕಬಾರದು, ಸರಿ. ಪಕ್ಕದಲ್ಲಿ ಕುಳಿತ ಬಾರ್ಡ್ ಹಾಕಬಹುದಲ್ಲ? ಐದು ಜನರ ತಂಡದಲ್ಲಿ ಈ ಮಂತ್ರ ಕಲಿಯಬಲ್ಲವರು ಇಬ್ಬರು ಸಿಕ್ಕರೆ ಆ ತಡೆ ಕಾಗದದ ಮೇಲಷ್ಟೇ. ‘ಹೋಲ್ಡ್ ಪರ್ಸನ್’ನಂಥ ಮಂತ್ರದಲ್ಲಿ ಮೊದಲ ಸೇವ್ ಬಿಟ್ಟರೆ ಮುಂದೆ ಪ್ರತಿ ಸಲ ಶತ್ರು ಸೇವ್ ಹಾಕುವುದು ತನ್ನದೇ ಸರದಿಯ ಕೊನೆಗೆ. ಅಲ್ಲಿ ವಿಝರ್ಡ್‌ನ ಕೈಯನ್ನೂ ಯಾರೂ ಕಟ್ಟಿಲ್ಲ.

ಲೆಜೆಂಡರಿ ರೆಸಿಸ್ಟೆನ್ಸ್ ವಿಷಯಕ್ಕೆ ಬಂದರೆ, ಬೆಳೆದ ಕೆಂಪು ಡ್ರ್ಯಾಗನ್‌ಗೆ ಅದು ದಿನಕ್ಕೆ ಮೂರೇ ಸಲ. ದಾಳದಲ್ಲಿ ಸಲೀಸಾಗಿ ಗೆದ್ದದ್ದನ್ನು ಬಾರ್ಬ್ಸ್ ಸೋಲಿಸಿತೆಂದರೆ ಆ ಮೂರರಲ್ಲಿ ಒಂದು ಕರಗಿತು. ಐದನೇ ಹಂತದ ಮಂತ್ರಗಳಿಂದ ಕರಗಿಸಬೇಕಾದದ್ದು ಒಂದನೇ ಹಂತದ ಸ್ಲಾಟಿನಲ್ಲಿ ಕರಗುತ್ತದೆ.

ಬ್ಯಾನ್ ಬೇಡ. ದಾಳಿಗೆ ಇರಲಿ, ಸಾಮರ್ಥ್ಯದ ಪರೀಕ್ಷೆಗೆ ಇರಲಿ. ಪಟ್ಟಿಯಿಂದ ‘ಸೇವ್’ ಒಂದನ್ನು ಹೊಡೆದುಹಾಕಿದರೆ ನನ್ನ ತಕರಾರು ಮುಗಿಯಿತು.

ವಿರೋಧ: ಹಾಗೆ ಮಾಡಿದರೆ ಉಳಿಯುವುದೇನು?

ದಾಳಿಯ ವಿಷಯಕ್ಕೆ ಬಂದರೆ ಅದೇ ಸ್ಲಾಟಿಗೆ ಶೀಲ್ಡ್ ಹಾಕುವುದು ಮೇಲು. ಶೀಲ್ಡ್ ಕೊಡುವ +5 ರಕ್ಷಣೆ ಮುಂದಿನ ಸರದಿಯವರೆಗೂ, ಬರುವ ಪ್ರತಿ ಏಟಿಗೂ ಇರುತ್ತದೆ. ಬಾರ್ಬ್ಸ್ ತಡೆಯಲು ನೋಡುವುದು ಒಂದೇ ಏಟನ್ನು, ಅದೂ ಅದೃಷ್ಟವಿದ್ದರೆ. ಜೊತೆಗಾರನ ಮೇಲೆ ಬೀಳುವ ಏಟಿಗೂ ಬರುತ್ತದೆ ಎಂಬುದೊಂದು ನಿಜ. ಆ ಒಂದು ಕಾರಣಕ್ಕೆ ಬಾರ್ಡ್ ಇಟ್ಟುಕೊಂಡಾನು, ಶೀಲ್ಡ್ ಅವನ ಮಂತ್ರಗಳ ಪಟ್ಟಿಯಲ್ಲೇ ಇಲ್ಲ. ಎರಡೂ ಕಲಿಯಬಲ್ಲ ವಿಝರ್ಡ್ ಮಾತ್ರ ತನ್ನ ಪುಸ್ತಕದ ಜಾಗವನ್ನು ಇದಕ್ಕೆ ಕೊಡುವುದು ಅನುಮಾನ.