ಮಂತ್ರದ ಶಾಲೆಯೂ ನಮ್ಮ ಪ್ರಯೋಗಶಾಲೆಯೂ

ಕೆಲವು ದಿನಗಳ ಹಿಂದೆ ಪಾಠ ಮುಗಿಸಿ ಹೊರಡುವ ಹೊತ್ತಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಹ್ಯಾರಿ ಪಾಟರ್ ಓದಿದ ಹಾಗ್ವಾರ್ಟ್ಸ್ ಶಾಲೆಯು ನಮ್ಮ ಮಧುಗಿರಿಯಲ್ಲಿದ್ದಿದ್ದರೆ ಅದಕ್ಕೆ ಸರಕಾರದ ಮಾನ್ಯತೆ ದೊರೆಯುತ್ತಿತ್ತೆ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಆದರೆ ಮನೆಯ ದಾರಿಯಲ್ಲಿ ಯೋಚಿಸಿದಂತೆಲ್ಲ ಆ ಪ್ರಶ್ನೆ ನಗೆಯಲ್ಲಿ ತೇಲಿಸಿಬಿಡತಕ್ಕದ್ದಲ್ಲವೆಂದು ತೋರಿತು.

ಜೆ. ಕೆ. ರೋಲಿಂಗ್ ಅವರು 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬರೆದ ಈ ಕಥೆ ಕಲ್ಪನೆಯೆಂಬುದೇನೋ ನಿಜ. ಕಲ್ಪನೆಯ ಶಾಲೆಯನ್ನು ಅಳೆಯುವುದರಿಂದ ಫಲವೇನೆಂದು ಕೇಳಬಹುದು. ಅಳೆಯಲು ಹೊರಟಾಗ ಮೊದಲು ಅಳತೆಗೋಲನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ. ಅದು ನಮ್ಮ ಕಣ್ಣಿಗೆ ಸ್ಪಷ್ಟವಾಗಿ ಬೀಳುತ್ತದೆ. ಫಲವೆಂದರೆ ಅದೇ. ತುಮಕೂರು ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಮಾಡಿರುವುದನ್ನು ವಾಚಕರು ಬಲ್ಲರು. ಹಾಗ್ವಾರ್ಟ್ಸ್ ಶಾಲೆಯು ಈ ಜಿಲ್ಲೆಯಲ್ಲಿದೆ ಎಂದು ಭಾವಿಸಿ ತನಿಖೆ ಮಾಡೋಣ.

ಮೊದಲನೆಯದು ಪ್ರವೇಶ. ನಮ್ಮ ಸಂವಿಧಾನದ 21-ಎ ವಿಧಿಯೂ 2009ರ ಶಿಕ್ಷಣ ಹಕ್ಕು ಕಾಯಿದೆಯೂ 6ರಿಂದ 14 ವರ್ಷದೊಳಗಿನ ಪ್ರತಿಯೊಂದು ಮಗುವಿಗೂ ಶಾಲೆಯ ಬಾಗಿಲನ್ನು ತೆರೆದಿಟ್ಟಿವೆ. ಹಾಗ್ವಾರ್ಟ್ಸ್ ಶಾಲೆ ಹನ್ನೊಂದು ವರ್ಷದ ಮಕ್ಕಳನ್ನು ಸೇರಿಸಿಕೊಳ್ಳುವುದರಿಂದ ಅದರ ಮೊದಲ ತರಗತಿಗಳು ಈ ಕಾಯಿದೆಯ ಮೇರೆಯೊಳಗೆ ಬರುತ್ತವೆ. ಆದರೆ ಹುಟ್ಟಿನಿಂದಲೇ ಮಾಂತ್ರಿಕ ಶಕ್ತಿಯುಳ್ಳ ಮಕ್ಕಳಿಗೆ ಮಾತ್ರ ಅಲ್ಲಿ ಅವಕಾಶ. ಕಲಿಯುವ ಶಕ್ತಿ ಹುಟ್ಟಿನೊಡನೆ ಬರತಕ್ಕದ್ದೆಂದು ನಂಬಿದ ಶಾಲೆ, ಕಲಿಸುವ ಹೊಣೆಯಲ್ಲಿ ಅರ್ಧವನ್ನು ಆಗಲೇ ಇಳಿಸಿಬಿಟ್ಟಿತು. ಈ ಬಾಬಿನಲ್ಲಿ ಅದು ತೇರ್ಗಡೆಯಾಗಲಾರದು.

ಎರಡನೆಯದು ಉಪಾಧ್ಯಾಯರು. ಒಂದರಿಂದ ಎಂಟನೆಯ ತರಗತಿಯವರೆಗೆ ಕಲಿಸುವವರಿಗೆ ನಮ್ಮಲ್ಲಿ ಶಿಕ್ಷಕ ತರಬೇತಿಯೂ ಅರ್ಹತಾ ಪರೀಕ್ಷೆಯೂ ವಿಧಿಸಲ್ಪಟ್ಟಿವೆ. ಅಲ್ಲಾದರೋ ಚರಿತ್ರೆಯನ್ನು ಬೋಧಿಸುವವನು ಒಂದು ಪ್ರೇತ; ತಾನು ಸತ್ತುದನ್ನೂ ಲಕ್ಷಿಸದೆ ಹಳೆಯ ಟಿಪ್ಪಣಿಯನ್ನು ಓದುತ್ತಲೇ ಇರುತ್ತಾನೆ. (ಇಂತಹ ಪಾಠವನ್ನು ಬದುಕಿರುವವರಿಂದಲೂ ಕೇಳಿದ್ದೇವೆಂದು ನನ್ನ ವಿದ್ಯಾರ್ಥಿಗಳು ಹೇಳಿಯಾರು!) ಆತ್ಮರಕ್ಷಣೆಯ ವಿದ್ಯೆಗೆ ವರ್ಷವರ್ಷವೂ ಹೊಸ ಉಪಾಧ್ಯಾಯರು. ಪ್ರಾಣಿಪಾಲನೆಗೆ ನೇಮಕವಾದ ಹ್ಯಾಗ್ರಿಡ್ ಸಹೃದಯನಾದರೂ ಶಾಲೆಯ ವ್ಯಾಸಂಗವನ್ನೇ ಮುಗಿಸಿದವನಲ್ಲ. ಅವನ ಮೊದಲನೆಯ ಪಾಠದಲ್ಲೇ ಹುಡುಗನೊಬ್ಬನ ತೋಳಿಗೆ ಗಾಯವಾಗುತ್ತದೆ.

ಮೂರನೆಯದು ಮಕ್ಕಳ ಸುರಕ್ಷಿತತೆ. ಕಾಯಿದೆಯ 17ನೆಯ ಕಲಮು ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಹಾಗ್ವಾರ್ಟ್ಸಿನಲ್ಲಿ ಮೊದಲ ವರ್ಷದ ಮಕ್ಕಳನ್ನು ಶಿಕ್ಷೆಗೆಂದು ರಾತ್ರಿಯ ಕಾಡಿಗೆ ಕಳುಹುತ್ತಾರೆ. ನೋಡುವವನ ಭಯವೇ ಆಕಾರ ತಾಳುವ ಒಂದು ವಿಚಿತ್ರ ಜೀವಿಯ ಎದುರು ನೆವಿಲ್ ಎಂಬ ಹುಡುಗನನ್ನು ನಿಲ್ಲಿಸಿದಾಗ ಅದು ಅವನ ಉಪಾಧ್ಯಾಯನ ರೂಪವನ್ನೇ ತಾಳುತ್ತದೆ. ಇನ್ನು ತನಿಖೆ ಬೇಕಿಲ್ಲ. ಮಗುವೊಂದಕ್ಕೆ ಜಗತ್ತಿನ ಅತ್ಯಂತ ಭಯಂಕರ ವಸ್ತು ತನ್ನ ಉಪಾಧ್ಯಾಯನೇ ಆದಲ್ಲಿ, ಆ ಶಾಲೆಗೆ ಬೀಗಮುದ್ರೆ ಹಾಕುವುದೇ ಲೇಸು.

ಇಷ್ಟಕ್ಕೇ ನಿಲ್ಲಿಸಿದರೆ ನಮಗೆ ಸಮಾಧಾನವಾದೀತು. ಆದರೆ ತನಿಖಾಧಿಕಾರಿಯು ನ್ಯಾಯವಂತನಾದರೆ ನಾಲ್ಕನೆಯ ಬಾಬನ್ನೂ ನೋಡಬೇಕು: ಬೋಧನೆಯ ಕ್ರಮ. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನದೇ ಮಂತ್ರದಂಡವುಂಟು, ತನ್ನದೇ ಕಡಾಯಿಯುಂಟು. ಗರಿಯನ್ನು ಗಾಳಿಯಲ್ಲಿ ಎತ್ತುವ ಪಾಠವೆಂದರೆ ತರಗತಿಯ ಎಲ್ಲರೂ ಗರಿಯನ್ನು ಎತ್ತಲು ಪ್ರಯತ್ನಿಸಲೇಬೇಕು. ಒಬ್ಬನದು ಅಲುಗುವುದಿಲ್ಲ, ಇನ್ನೊಬ್ಬನದು ಹೊತ್ತಿಕೊಳ್ಳುತ್ತದೆ, ಮತ್ತೊಬ್ಬಳದು ಏಳುತ್ತದೆ. ದೊಡ್ಡ ಪರೀಕ್ಷೆಗಳಲ್ಲಿ ಬರವಣಿಗೆಯ ಜೊತೆಗೆ ಹೊರಗಿನ ಪರೀಕ್ಷಕರ ಎದುರು ಮಾಡಿ ತೋರಿಸುವ ಭಾಗವೂ ಉಂಟು.

2003ರಲ್ಲಿ ಪ್ರಕಟವಾದ ಐದನೆಯ ಸಂಪುಟದಲ್ಲಿ ಅಂಬ್ರಿಜ್ ಎಂಬ ಅಧಿಕಾರಿಣಿ ಬಂದು, ಮಂತ್ರದಂಡಗಳನ್ನು ಒಳಗಿಡಿಸಿ, ಪುಸ್ತಕವನ್ನು ಓದಿದರೆ ಸಾಕು, ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಅಷ್ಟೇ ಬೇಕಾದುದು ಎನ್ನುತ್ತಾಳೆ. ವಿದ್ಯಾರ್ಥಿಗಳು ಅದನ್ನು ಅನ್ಯಾಯವೆಂದು ತಿಳಿದು, ಗುಟ್ಟಾದ ಕೋಣೆಯೊಂದರಲ್ಲಿ ಕಲೆತು ತಾವೇ ಒಬ್ಬರಿಗೊಬ್ಬರು ಪ್ರಯೋಗ ಕಲಿಸಿಕೊಳ್ಳುತ್ತಾರೆ. ಈ ಅಧ್ಯಾಯಗಳನ್ನು ಓದುವಾಗ ನನಗೆ ನಾಚಿಕೆಯಾಯಿತು. ಪುಸ್ತಕ ಸಾಕು, ಪ್ರಯೋಗ ಬೇಡ ಎಂದರೆ ಅಲ್ಲಿಯ ಮಕ್ಕಳು ದಂಗೆಯೇಳುತ್ತಾರೆ. ನಾವಾದರೋ ವಿದ್ಯಾರ್ಥಿ ದೆಸೆಯಲ್ಲಿ ನಿಟ್ಟುಸಿರು ಬಿಟ್ಟು ಸಂತೋಷಪಟ್ಟಿದ್ದೆವು!

ನನ್ನ ತಪ್ಪನ್ನೇ ಹೇಳುತ್ತೇನೆ. ಕಾಲೇಜಿನಲ್ಲಿ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವಿತ್ತು. ಲೋಲಕಗಳು ಎರಡು, ನಾವು ಮೂವತ್ತು ಮಂದಿ. ಮುಂದೆ ನಿಂತ ನಾಲ್ವರು ದಾರಕ್ಕೆ ಗುಂಡು ಕಟ್ಟಿ ತೂಗಿಸಿದರು. ಉಳಿದವರು ಹಿಂದಿನ ವರ್ಷದ ರೆಕಾರ್ಡ್ ಪುಸ್ತಕದಿಂದ ಅಂಕಿಗಳನ್ನು ಇಳಿಸಿಕೊಂಡೆವು. ಎಲ್ಲರಿಗೂ 9.81 ಎಂದೇ ಉತ್ತರ ಬಂದಿತು, ಎಲ್ಲರಿಗೂ ಸಹಿಯಾಯಿತು. ನಾನೇ ಉಪಾಧ್ಯಾಯನಾದ ಮೇಲೆ ಒಂದು ಸಂಜೆ ಕುಳಿತು ಲೆಕ್ಕಹಾಕಿ ನೋಡಿದೆನು. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದರಿಂದಲೂ, ಸಮಭಾಜಕವೃತ್ತದ ಬಳಿ ತುಸು ಉಬ್ಬಿರುವುದರಿಂದಲೂ ಗುರುತ್ವದ ಬೆಲೆ ಎಲ್ಲೆಡೆಯೂ ಒಂದೇ ಅಲ್ಲ. ನಮ್ಮ ಸೀಮೆಯಲ್ಲಿ ಅದು ಸುಮಾರು 9.78; 9.81 ಎಂಬುದು ಲಂಡನ್ ಪಟ್ಟಣದ ಬೆಲೆ. ನಾವು ಮೂವತ್ತು ಮಂದಿ ಈ ನೆಲದಲ್ಲಿ ನಿಂತು ಲಂಡನ್ನಿನ ಗುರುತ್ವವನ್ನು ಅಳೆದಿದ್ದೆವು! ಇದಕ್ಕಿಂತ ದೊಡ್ಡ ಮಾಂತ್ರಿಕ ವಿದ್ಯೆ ಹಾಗ್ವಾರ್ಟ್ಸಿನಲ್ಲಿಯೂ ಇಲ್ಲ.

ನೀರಿನ ಕುದಿಯುವ ಬಿಂದುವಿನ ಕಥೆಯೂ ಇದೇ. 100 ಡಿಗ್ರಿ ಎಂದು ಎಲ್ಲರೂ ಬರೆಯುತ್ತಾರೆ. ಮಧುಗಿರಿ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 780 ಮೀಟರು ಎತ್ತರದಲ್ಲಿದೆ. ವಾಯುಭಾರ ಕಡಿಮೆಯಾದುದರಿಂದ ಇಲ್ಲಿ ನೀರು 97½ ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಉಷ್ಣತಾಮಾಪಕವು ಸತ್ಯವನ್ನೇ ಹೇಳುತ್ತದೆ. ಆದರೆ ವಿದ್ಯಾರ್ಥಿಯು ಅದನ್ನು ನಂಬದೆ, ಉಪಕರಣ ಕೆಟ್ಟಿದೆಯೆಂದು ತಿಳಿದು, ಪುಸ್ತಕದ ಅಂಕಿಯನ್ನು ಬರೆಯುತ್ತಾನೆ. ತನ್ನ ಕಣ್ಣಿಗಿಂತ ಅಚ್ಚಾದ ಅಕ್ಷರವನ್ನು ಹೆಚ್ಚಾಗಿ ನಂಬುವ ಅಭ್ಯಾಸವನ್ನು ಅವನಿಗೆ ಕಲಿಸಿದವರು ನಾವೇ.

ಹಾಗಾದರೆ ಮಂತ್ರದ ಶಾಲೆಯೇ ಮೇಲೆಂದು ಹೇಳೋಣವೆ? ಅದೂ ಸಲ್ಲದು. ಗರಿಯನ್ನು ಎತ್ತುವ ಪಾಠದಲ್ಲಿ ಮಕ್ಕಳು ಕಲಿಯುವುದು ಸರಿಯಾದ ಉಚ್ಚಾರಣೆಯನ್ನೂ ಮಣಿಕಟ್ಟಿನ ಚಲನೆಯನ್ನೂ. ಆ ಶಬ್ದಕ್ಕೂ ಗರಿಗೂ ಏನು ಸಂಬಂಧ, ಗರಿಯನ್ನು ಎತ್ತಿದ ಬಲ ಎಲ್ಲಿಂದ ಬಂದಿತು, ಗರಿಗೆ ಬದಲಾಗಿ ಕಲ್ಲನ್ನಿಟ್ಟರೆ ಎಷ್ಟು ಶ್ರಮ ಹೆಚ್ಚಾಗುತ್ತದೆ ಎಂದು ಆ ಪಾಠದಲ್ಲಿ ಯಾರೂ ಕೇಳುವುದಿಲ್ಲ. ನಿಯಮಗಳ ಮಾತು ಕಥೆಯಲ್ಲಿ ಅಲ್ಲಲ್ಲಿ ಬರುವುದುಂಟು. ಆ ನಿಯಮ ತಿಳಿದುಬಂದುದು ಹೇಗೆಂಬ ವಿಚಾರ ಪಾಠದೊಳಗೆ ಬರುವುದಿಲ್ಲ. ಅಲ್ಲಿ ಕೈಗೆ ಕೆಲಸವುಂಟು, ಪ್ರಶ್ನೆಗೆ ಸ್ಥಳವಿಲ್ಲ. ನಮ್ಮಲ್ಲಿ ಎಷ್ಟೋ ಕಡೆ ಕೈಗೂ ಕೆಲಸವಿಲ್ಲ, ಪ್ರಶ್ನೆಗೂ ಸ್ಥಳವಿಲ್ಲ. ಸೂತ್ರವನ್ನು ಬಾಯಿಪಾಠ ಮಾಡಿ, ಅಂಕಿಗಳನ್ನು ತುಂಬಿ, ಉತ್ತರ ಬಂದೊಡನೆ ತೃಪ್ತನಾಗುವ ವಿದ್ಯಾರ್ಥಿಗೂ ಮಂತ್ರ ಪಠಿಸುವವನಿಗೂ ಭೇದವೇನು? ಭೌತವಿಜ್ಞಾನವನ್ನು ಮಂತ್ರದಂತೆ ಕಲಿತವನು ನಾಳೆ ನಿಜವಾದ ಮಂತ್ರವಾದಿಯ ಎದುರಿನಲ್ಲಿಯೂ ಕೈಕಟ್ಟಿಯೇ ನಿಲ್ಲುತ್ತಾನೆ. ಆತಂಕದ ವಿಷಯ ಇದು.

ನಮ್ಮ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಉಪಾಧ್ಯಾಯರಾಗಿದ್ದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಒಂದು ಸಮಿತಿಯನ್ನು ರಚಿಸಿದರು. ನಾಡಿನಲ್ಲಿ ದೊಡ್ಡ ವಾದವೇ ಎದ್ದಿತು. ತರಗತಿಯಲ್ಲಿ ಏನನ್ನು ಕಲಿಸುತ್ತೇವೆಯೋ ಅದನ್ನು ತರಗತಿಯ ಹೊರಗೂ ಕೇಳಬೇಕೆಂಬುದಷ್ಟೇ ಆ ಸಮಿತಿಯ ಹಿಂದಿದ್ದ ನ್ಯಾಯವೆಂದು ನಾನು ತಿಳಿಯುತ್ತೇನೆ. ಪ್ರಶ್ನೆಯನ್ನು ಪ್ರಯೋಗಶಾಲೆಯ ಬೀರುವಿನಲ್ಲಿ ಬೀಗ ಹಾಕಿಡಲು ಬರುವುದಿಲ್ಲ.

ಉಪಕರಣವಿಲ್ಲ, ವೇಳೆಯಿಲ್ಲ, ಪಠ್ಯವೇ ಮುಗಿಯುವುದಿಲ್ಲ ಎಂಬ ಆಕ್ಷೇಪಣೆಯನ್ನು ಬಲ್ಲೆನು. ಅದರಲ್ಲಿ ಸತ್ಯವೂ ಉಂಟು. ಆದರೆ ಪಿ. ಯು. ಭೌತವಿಜ್ಞಾನದಲ್ಲಿ 100ಕ್ಕೆ 30 ಅಂಕಗಳನ್ನು ಪ್ರಯೋಗಕ್ಕೆಂದೇ ತೆಗೆದಿರಿಸಿದ್ದಾರೆ. ಮಿಕ್ಕುದಕ್ಕೆ ನಮ್ಮ ನೆಲವೇ ಉಪಕರಣ. ಒಂದು ನಿದರ್ಶನ ಕೊಡುತ್ತೇನೆ. ಕೊರಟಗೆರೆ ಮತ್ತು ಪಾವಗಡ ಹೆಚ್ಚುಕಡಮೆ ಒಂದೇ ರೇಖಾಂಶದ ಮೇಲಿವೆ. ಕೊರಟಗೆರೆಯ ಅಕ್ಷಾಂಶ ಸುಮಾರು 13.5 ಡಿಗ್ರಿ, ಪಾವಗಡದ್ದು 14.1. ಆಗಸ್ಟ್ ತಿಂಗಳ ಮಧ್ಯದಲ್ಲಿ, ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ, ಮಧ್ಯಾಹ್ನದ ಸೂರ್ಯನು ಮೊದಲು ಪಾವಗಡದ ನೆತ್ತಿಯ ಮೇಲೆ ಬಂದು, ಅನಂತರ ಶಿರಾ, ಮಧುಗಿರಿ, ಕೊನೆಗೆ ಕೊರಟಗೆರೆಯನ್ನು ದಾಟಿ ದಕ್ಷಿಣಕ್ಕೆ ಸರಿಯುತ್ತಾನೆ. ಕೊರಟಗೆರೆಯಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇಲ್ಲದ ದಿನ, ಪಾವಗಡದಲ್ಲಿ ಒಂದು ಮೀಟರಿನ ಕೋಲಿಗೆ ಸುಮಾರು ಒಂದು ಸೆಂಟಿಮೀಟರು ನೆರಳಿರುತ್ತದೆ. ಎರಡು ಊರುಗಳ ಉತ್ತರ-ದಕ್ಷಿಣ ಅಂತರ ಸುಮಾರು 64 ಕಿಲೋಮೀಟರು. ಇಷ್ಟರಿಂದಲೇ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು ಎಂದು ಲೆಕ್ಕಹಾಕಬಹುದು. ಕ್ರಿ. ಪೂ. 3ನೆಯ ಶತಮಾನದಲ್ಲಿ ಎರಟೋಸ್ತನೀಸ್ ಎಂಬ ವಿದ್ವಾಂಸನು ಈಜಿಪ್ಟಿನಲ್ಲಿ ಅನುಸರಿಸಿದ ಮಾರ್ಗ ಇದೇ.

ನೆರಳಿನ ಅಂಚು ಮಸುಕಾಗಿರುತ್ತದೆ; ಎರಡು ಮಿಲಿಮೀಟರು ತಪ್ಪಿದರೆ ಉತ್ತರದಲ್ಲಿ ಐದನೆಯ ಒಂದು ಪಾಲು ವ್ಯತ್ಯಾಸ ಬರುತ್ತದೆ; ಮೋಡ ಕವಿದರೆ ಮರುದಿನ ಕಾಯಬೇಕು. ಆಗ ನಮ್ಮ ಗಡಿಯಾರದಲ್ಲಿ ಹನ್ನೆರಡೂ ಕಾಲು ದಾಟಿರುತ್ತದೆ. ಮಧ್ಯಾಹ್ನವೇಕೆ ಹನ್ನೆರಡಕ್ಕೆ ಸರಿಯಾಗಿ ಆಗಲಿಲ್ಲವೆಂಬ ಪ್ರಶ್ನೆಯೂ ತಾನಾಗಿ ಏಳುತ್ತದೆ. ಯಾರಿಗಾದರೂ 33,000 ಬಂದರೆ ಅದನ್ನೇ ಬರೆಯಲಿ, ಏಕೆ ಬಂದಿತೆಂದು ಹೇಳಲಿ. ನಾನು ಪೂರ್ಣ ಅಂಕ ಕೊಡುವೆನು. ಪಾವಗಡದ ತಿರುಮಣಿಯ ಬಳಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರ ಹಬ್ಬಿದೆ. ಫಲಕಗಳನ್ನು ದಕ್ಷಿಣದ ಕಡೆಗೆ ಬಾಗಿಸುವುದೇಕೆ ಎಂಬುದಕ್ಕೂ ಇದೇ ಕೋಲು ಉತ್ತರ ಹೇಳಬಲ್ಲದು. ಮಧುಗಿರಿಯ ಏಕಶಿಲಾ ಬೆಟ್ಟದ ಎತ್ತರವನ್ನು ಕೆಳಗಿನಿಂದಲೇ ಒಂದು ಕೋನಮಾಪಕದಿಂದ ಅಳೆಯಬಹುದು. ಬೆಟ್ಟದ ಮೇಲೆ ಒಲೆ ಹೂಡಿ ನೀರು ಕುದಿಸುವುದು ಮಾತ್ರ ಬೇಡ. ಸುರಕ್ಷಿತತೆಯ ಬಾಬಿನಲ್ಲಿ ನಾವೂ ಹಾಗ್ವಾರ್ಟ್ಸ್ ಆದೇವು.

ಈಗ ಆ ವಿದ್ಯಾರ್ಥಿನಿಗೆ ನನ್ನ ಉತ್ತರ: ಆ ಶಾಲೆಗೆ ಮಾನ್ಯತೆ ದೊರೆಯಲಾರದು, ದೊರೆಯಲೂ ಬಾರದು. ಆದರೆ ತನಿಖೆಯ ನಮೂನೆಯಲ್ಲಿ ಇನ್ನೆರಡು ಬಾಬುಗಳನ್ನು ಸೇರಿಸಬೇಕೆಂದು ನನ್ನ ಅಭಿಪ್ರಾಯ. ಈ ವರ್ಷ ಎಷ್ಟು ವಿದ್ಯಾರ್ಥಿಗಳು ತಮ್ಮ ಕೈಯಾರೆ ಪ್ರಯೋಗ ಮಾಡಿದರು? ಎಷ್ಟು ಮಂದಿ ‘ಏಕೆ’ ಎಂದು ಕೇಳಿದರು? ಮೊದಲನೆಯದರಲ್ಲಿ ಹಾಗ್ವಾರ್ಟ್ಸ್ ನಮ್ಮನ್ನು ಮೀರಿಸುತ್ತದೆ. ಎರಡನೆಯದರಲ್ಲಿ ನಾವು ಅದನ್ನು ಮೀರಿಸಬಹುದು, ಮನಸ್ಸು ಮಾಡಿದರೆ. ಮಂತ್ರದಂಡವನ್ನು ಕೊಳ್ಳಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಆಗಸ್ಟ್ ಬರುವುದರೊಳಗೆ ಒಂದು ಮೀಟರು ಉದ್ದದ ನೇರವಾದ ಕೋಲನ್ನು ಹುಡುಕಿಟ್ಟುಕೊಂಡರೆ ಸಾಕು.